ಲಿಂಕ್ ಒತ್ತಿದರೆ ಪುಟ ಸಿಗುತ್ತಿಲ್ಲವೇ? ಮೊದಲು ಅಡ್ರೆಸ್ ಬಾರ್ ಓದಿ

ತಾವೇ ಬರೆದ ವೆಬ್ ಪುಟದಲ್ಲಿ ಲಿಂಕ್ ಕೆಟ್ಟಾಗ ಹೊಸಬರು ಮಾಡುವ ಮೊದಲ ಕೆಲಸ ಕೋಡ್ ತೆರೆದು ದಿಟ್ಟಿಸಿ ನೋಡುತ್ತ ಕೂರುವುದು. ನಾನೂ ಬಹಳ ಕಾಲ ಹಾಗೇ ಮಾಡಿದ್ದೇನೆ. ಆದರೆ ಬರೆದವರ ಕಣ್ಣಿಗೆ ತಮ್ಮದೇ ತಪ್ಪು ಸುಲಭಕ್ಕೆ ಬೀಳುವುದಿಲ್ಲ. ಏನು ಬರೆಯಬೇಕೆಂದುಕೊಂಡಿದ್ದೆವೋ ಅದನ್ನೇ ಕಣ್ಣು ಓದಿಕೊಂಡು ಹೋಗುತ್ತದೆ. ಬ್ರೌಸರಿಗೆ ಇಂಥ ಮುಲಾಜು ಇಲ್ಲ. ನೀವು ಬರೆದದ್ದನ್ನು ಒಂದಕ್ಷರ ಬಿಡದೆ ಓದಿ ಅಲ್ಲಿಗೇ ಹೋಗುತ್ತದೆ, ಎಲ್ಲಿಗೆ ಹೋಗಿದ್ದೆ ಎಂಬುದನ್ನು ಅಡ್ರೆಸ್ ಬಾರಿನಲ್ಲಿ ಬರೆದೂ ಇಡುತ್ತದೆ. ಕೆಟ್ಟ ಲಿಂಕುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಅಲ್ಲೇ ಇರುತ್ತದೆ. ಕೋಡ್ ಆಮೇಲೆ ನೋಡಿದರಾಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓದಲು ಸುಲಭವಾಗಲೆಂದು ಇಲ್ಲಿನ ಕೋಡನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಟ್ಯಾಗ್ (ಕೋನ ಆವರಣದೊಳಗೆ ಬರೆಯುವ ಸೂಚನೆ) ಮತ್ತು ಅದರ ಗುಣಗಳ (ಎಚ್‌ರೆಫ್ ಥರದವು) ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಎಚ್‌ಟಿಎಂಎಲ್‌ನಲ್ಲಿ, ಅಂದರೆ ವೆಬ್ ಪುಟ ಬರೆಯುವ ಭಾಷೆಯಲ್ಲಿ, ಲಿಂಕ್‌ನ ರೂಪ ಇಷ್ಟೇ:

<ಎ ಎಚ್‌ರೆಫ್="ಪರಿಚಯ.ಎಚ್‌ಟಿಎಂಎಲ್">ನನ್ನ ಪರಿಚಯ</ಎ>

ಕೋಟ್ ಚಿಹ್ನೆಗಳ ನಡುವೆ ಇರುವುದು ವಿಳಾಸ. ಎರಡು ಟ್ಯಾಗ್‌ಗಳ ನಡುವೆ ಇರುವುದು ಓದುಗರಿಗೆ ಕಾಣುವ ಮಾತು. ಇವೆರಡಕ್ಕೂ ಪರಸ್ಪರ ಸಂಬಂಧ ಇರಲೇಬೇಕೆಂಬ ನಿಯಮವಿಲ್ಲ. ಮೋಸದ ಲಿಂಕುಗಳು ಹುಟ್ಟುವುದೂ ಈ ಸಡಿಲಿನಿಂದಲೇ. ಆ ವಿಷಯ ಕೊನೆಗೆ ಬರುತ್ತದೆ.

ಶುರು ಮಾಡುವ ಮುಂಚೆ

ಫೈಲಿನ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಎತ್ತಿಡಿ. ಸಣ್ಣ ದೋಷ ಸರಿಪಡಿಸಲು ಹೋಗಿ ಚೆನ್ನಾಗಿದ್ದುದನ್ನೂ ಕೆಡಿಸಿಕೊಳ್ಳುವುದು ಈ ಕೆಲಸದಲ್ಲಿ ಮಾಮೂಲು.

ನಂತರ, ತಿದ್ದುತ್ತಿರುವ ಫೈಲೂ ಬ್ರೌಸರಿನಲ್ಲಿ ನೋಡುತ್ತಿರುವ ಫೈಲೂ ಒಂದೇ ಹೌದೋ ಎಂದು ಖಚಿತಪಡಿಸಿಕೊಳ್ಳಿ. ನಗಬೇಡಿ. ಫೋಲ್ಡರನ್ನು ಒಮ್ಮೆ ನಕಲು ಮಾಡಿದ್ದರೆ ಒಂದೇ ಹೆಸರಿನ ಎರಡು ಫೈಲುಗಳು ಇರುತ್ತವೆ, ಇಡೀ ಸಂಜೆ ತಪ್ಪಾದ ಪ್ರತಿಯನ್ನು ತಿದ್ದುತ್ತ ಕೂತವರಿದ್ದಾರೆ. ಪರೀಕ್ಷೆ ಸುಲಭ. ಪುಟದ ಮೊದಲ ಸಾಲಿನಲ್ಲಿ ಯಾವುದಾದರೂ ಅಡ್ಡಾದಿಡ್ಡಿ ಪದ ಬರೆದು, ಉಳಿಸಿ, ಬ್ರೌಸರಿನಲ್ಲಿ ಪುಟವನ್ನು ಮತ್ತೆ ಲೋಡ್ ಮಾಡಿ. ಆ ಪದ ಕಾಣದಿದ್ದರೆ ಮೂರರಲ್ಲಿ ಒಂದು ಆಗಿರುತ್ತದೆ: ಫೈಲ್ ಉಳಿಸಿಲ್ಲ, ತಿದ್ದುತ್ತಿರುವುದು ಬೇರೆ ಫೈಲ್, ಇಲ್ಲವೇ ಬ್ರೌಸರ್ ತಾನು ಕೂಡಿಟ್ಟ ಹಳೆಯ ಪ್ರತಿಯನ್ನೇ ತೋರಿಸುತ್ತಿದೆ. ಮೂರನೆಯದಕ್ಕೆ ಕಂಟ್ರೋಲ್, ಶಿಫ್ಟ್ ಮತ್ತು ಆರ್ ಕೀಗಳನ್ನು ಒಟ್ಟಿಗೆ ಒತ್ತಿ. ಮ್ಯಾಕ್ ಆದರೆ ಕಂಟ್ರೋಲ್ ಬದಲು ಕಮಾಂಡ್.

ಇದಾದ ಮೇಲೆ ಮೌಸ್ ಬಾಣವನ್ನು ಲಿಂಕ್ ಮೇಲೆ ಇಟ್ಟು ಸುಮ್ಮನಿರಿ, ಒತ್ತಬೇಡಿ. ಬ್ರೌಸರಿನ ಕೆಳಗಿನ ಮೂಲೆಯಲ್ಲಿ ಅದು ಹೋಗಲಿರುವ ವಿಳಾಸ ಕಾಣುತ್ತದೆ. ಫೋನಿನಲ್ಲಿ ಲಿಂಕನ್ನು ಒತ್ತಿ ಹಿಡಿದರೆ ಕಾಣುತ್ತದೆ.

ಲಕ್ಷಣ: ಪದ ನೀಲಿಯಾಗಿಲ್ಲ, ಕೈ ಗುರುತೂ ಬರುತ್ತಿಲ್ಲ

ಬಾಣ ಮೇಲೆ ಹೋದಾಗ ಕೈ ಗುರುತು ಬರದೆ, ಕೆಳಗೆ ವಿಳಾಸವೂ ಕಾಣದೆ ಇದ್ದರೆ ಬ್ರೌಸರ್ ಅದನ್ನು ಲಿಂಕ್ ಎಂದೇ ಪರಿಗಣಿಸಿಲ್ಲ. ಸಾಮಾನ್ಯವಾಗಿ ಇದು ಕಾಗುಣಿತದ ತಪ್ಪು. ಎಚ್, ಆರ್, ಇ, ಎಫ್ ಎಂಬ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಬರಬೇಕು. ಬೆರಳಿನ ಅವಸರಕ್ಕೆ ನಡುವಿನ ಎರಡು ಅದಲುಬದಲಾಗಿ ಎಚ್, ಇ, ಆರ್, ಎಫ್ ಆಗಿಬಿಡುತ್ತದೆ. ಬ್ರೌಸರ್ ತಕರಾರು ತೆಗೆಯುವುದಿಲ್ಲ, ಗೊತ್ತಿಲ್ಲದ ಗುಣ ಎಂದು ಸುಮ್ಮನೆ ದಾಟಿಹೋಗುತ್ತದೆ. ಎಚ್‌ರೆಫ್ ಇಲ್ಲದ ಎ ಟ್ಯಾಗ್ ಬರೀ ಪಠ್ಯದಂತೆಯೇ ಕಾಣುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಾಟವಿದೆ. ಕೀಬೋರ್ಡ್ ಕನ್ನಡದಲ್ಲೇ ಉಳಿದು ಟ್ಯಾಗಿನೊಳಗೆ ಒಂದು ಕನ್ನಡ ಅಕ್ಷರ ನುಸುಳಿಬಿಡುತ್ತದೆ. ಆಗ ಟ್ಯಾಗೇ ಪುಟದ ಮೇಲೆ ಬರಹವಾಗಿ ಕಾಣಿಸಬಹುದು. ಹಾಗೆ ಕಂಡರೆ ಆ ಸಾಲನ್ನು ತಿದ್ದಲು ಹೋಗದೆ ಪೂರ್ತಿ ಅಳಿಸಿ ಹೊಸದಾಗಿ ಟೈಪ್ ಮಾಡಿ. ಅದೇ ಬೇಗ ಆಗುತ್ತದೆ.

ಇಡೀ ಪುಟದ ತುಂಬ ಟ್ಯಾಗುಗಳೇ ಕಾಣುತ್ತಿದ್ದರೆ ಕಥೆ ಬೇರೆ. ಫೈಲ್ ಎಚ್‌ಟಿಎಂಎಲ್ ಆಗಿ ಉಳಿದಿಲ್ಲ. ವಿಂಡೋಸ್ ಫೈಲಿನ ಕೊನೆಯ ಬಾಲವನ್ನು ಮುಚ್ಚಿಡುವುದರಿಂದ "ಪರಿಚಯ.ಎಚ್‌ಟಿಎಂಎಲ್" ಎಂದು ಕಂಡದ್ದು ನಿಜಕ್ಕೂ "ಪರಿಚಯ.ಎಚ್‌ಟಿಎಂಎಲ್.ಟಿಎಕ್ಸ್‌ಟಿ" ಆಗಿರಬಹುದು. ಫೋಲ್ಡರಿನ ವ್ಯೂ ಆಯ್ಕೆಗಳಲ್ಲಿ ಫೈಲ್ ಬಾಲಗಳನ್ನು ತೋರಿಸುವಂತೆ ಮಾಡಿಕೊಳ್ಳಿ, ಅದನ್ನು ಮತ್ತೆಂದೂ ಮುಚ್ಚಬೇಡಿ.

ಲಕ್ಷಣ: ಅರ್ಧ ಪುಟ ನೀಲಿಯಾಗಿದೆ, ಅಥವಾ ಅರ್ಧ ಪುಟವೇ ಮಾಯವಾಗಿದೆ

ಇವೆರಡೂ ಒಂದೇ ಬಗೆಯ ತಪ್ಪಿನಂತೆ ಕಂಡರೂ ಕಾರಣ ಬೇರೆ ಬೇರೆ.

ನೀಲಿ ಹರಡಿದ್ದರೆ ಕೊನೆಯ ಟ್ಯಾಗ್ ಬಿಟ್ಟುಹೋಗಿದೆ. ಲಿಂಕ್ ಮುಗಿಯಿತು ಎಂದು ಯಾರೂ ಹೇಳದ ಕಾರಣ ಮುಂದಿನ ಲಿಂಕ್ ಸಿಗುವ ತನಕ ಬ್ರೌಸರ್ ಎಲ್ಲವನ್ನೂ ಲಿಂಕ್ ಮಾಡುತ್ತ ಹೋಗುತ್ತದೆ. ನೀಲಿ ಎಲ್ಲಿ ಶುರುವಾಗಿದೆಯೋ ಅದೇ ತಪ್ಪಿರುವ ಜಾಗ. ಇದರ ತಮ್ಮನಂಥ ತಪ್ಪು ಇನ್ನೊಂದಿದೆ: ಮುಗಿಸುವ ಟ್ಯಾಗಿನಲ್ಲಿ ಸ್ಲ್ಯಾಶ್ ಮರೆತು </ಎ> ಬದಲು <ಎ> ಎಂದು ಬರೆಯುವುದು. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮುಂದೆ ಯಾವತ್ತೋ ಸ್ಟೈಲ್ ಹಾಕಿದಾಗ ಸಂಬಂಧವಿಲ್ಲದ ಸಾಲುಗಳೂ ಬಣ್ಣ ಬದಲಿಸುತ್ತವೆ, ಆಗ ತಲೆ ಕೆಡುತ್ತದೆ.

ಬರಹ ಮಾಯವಾಗಿದ್ದರೆ ವಿಳಾಸದ ಕೊನೆಯ ಕೋಟ್ ಚಿಹ್ನೆ ಇಲ್ಲ. ಮುಂದೆ ಎಲ್ಲಾದರೂ ಇನ್ನೊಂದು ಕೋಟ್ ಸಿಗುವ ತನಕ ಎಲ್ಲವೂ ವಿಳಾಸದ ಭಾಗವೇ ಎಂದು ಬ್ರೌಸರ್ ನುಂಗಿಬಿಡುತ್ತದೆ. ಎಲ್ಲೂ ಸಿಗದಿದ್ದರೆ ಪುಟದ ಕೊನೆಯವರೆಗೂ ಖಾಲಿ. ಬರಹ ಕಣ್ಮರೆಯಾಗುವ ಮುಂಚಿನ ಕೊನೆಯ ಪದವನ್ನು ಕೋಡಿನಲ್ಲಿ ಹುಡುಕಿ, ಅದರ ಪಕ್ಕದ ಲಿಂಕ್ ನೋಡಿ.

ಲಕ್ಷಣ: ಒತ್ತಿದರೆ "ಸಿಗಲಿಲ್ಲ" ಎನ್ನುತ್ತದೆ

ಹೆಚ್ಚು ಜನ ಸಹಾಯ ಕೇಳುವುದು ಇದಕ್ಕೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲು, "ಸಿಗಲಿಲ್ಲ" ಎನ್ನುತ್ತಿರುವುದು ಯಾರೆಂದು ನೋಡಿ. "ಸೈಟನ್ನು ತಲುಪಲಾಗುತ್ತಿಲ್ಲ" ಎಂಬರ್ಥದ ಸಂದೇಶ ಬ್ರೌಸರಿನದೇ. ಇಂಟರ್ನೆಟ್ ಇಲ್ಲ, ಅಥವಾ ಸೈಟಿನ ಹೆಸರೇ ತಪ್ಪು. 404 ಎಂಬ ಅಂಕಿ ಕಂಡರೆ ಅದು ಸರ್ವರ್ (ಸೈಟಿನ ಪುಟಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರ್) ಕೊಟ್ಟ ಉತ್ತರ. ಅಂದರೆ ಊರು ಸಿಕ್ಕಿದೆ, ಬಾಗಿಲಲ್ಲಿ ಕೇಳಿದ ಹೆಸರಿನವರು ಇಲ್ಲ. 403 ಬಂದರೆ ಒಳಗೆ ಬಿಡುತ್ತಿಲ್ಲ ಎಂದು ಅರ್ಥ: ಫೈಲಿನ ಅನುಮತಿ ಸರಿಯಿಲ್ಲ, ಅಥವಾ ನೀವು ಕೊಟ್ಟಿರುವುದು ಫೋಲ್ಡರಿನ ವಿಳಾಸ, ಆ ಫೋಲ್ಡರಿನಲ್ಲಿ ಇಂಡೆಕ್ಸ್ ಎಂಬ ಹೆಸರಿನ ಪುಟವಿಲ್ಲ. 410 ಎಂದರೆ ಪುಟವನ್ನು ಬೇಕೆಂದೇ ತೆಗೆದುಹಾಕಿದ್ದಾರೆ, ಹುಡುಕಿ ಪ್ರಯೋಜನವಿಲ್ಲ. 500 ಮತ್ತು ಅದಕ್ಕಿಂತ ಮೇಲಿನ ಅಂಕಿಗಳು ಸರ್ವರಿನದೇ ತೊಂದರೆ, ನಿಮ್ಮ ಲಿಂಕಿನದಲ್ಲ.

404 ಆದರೆ ಈಗ ಅಡ್ರೆಸ್ ಬಾರನ್ನು ನಿಧಾನವಾಗಿ, ಎಡದಿಂದ ಬಲಕ್ಕೆ ಓದಿ.

ನಿಮ್ಮ ಸೈಟಿನ ಹೆಸರಿನ ಹಿಂದೆಯೇ ಇನ್ನೊಂದು ಸೈಟಿನ ಹೆಸರು ಅಂಟಿಕೊಂಡಿದೆಯೇ? ಮೊದಲು ನಿಮ್ಮದು, ಸ್ಲ್ಯಾಶ್, ಆಮೇಲೆ ಡಬ್ಲ್ಯುಡಬ್ಲ್ಯುಡಬ್ಲ್ಯು.ಎಕ್ಸಾಂಪಲ್.ಕಾಂ ಎಂಬಂತೆ? ಹಾಗಿದ್ದರೆ ಎಚ್‌ರೆಫ್‌ನಲ್ಲಿ ಎಚ್‌ಟಿಟಿಪಿಎಸ್:// ಬಿಟ್ಟಿದ್ದೀರಿ. "ಅಡ್ರೆಸ್ ಬಾರಿನಲ್ಲಿ ಅದಿಲ್ಲದೆ ಟೈಪ್ ಮಾಡಿದರೂ ಹೋಗುತ್ತದಲ್ಲ" ಎಂದು ಎಲ್ಲರೂ ಕೇಳುತ್ತಾರೆ. ಅಲ್ಲಿ ಬ್ರೌಸರ್ ನಿಮ್ಮ ಮನಸ್ಸಿನಲ್ಲಿರುವುದನ್ನು ಊಹಿಸುತ್ತದೆ. ಲಿಂಕ್‌ನಲ್ಲಿ ಊಹೆಗೆ ಜಾಗವಿಲ್ಲ, ಏಕೆಂದರೆ ಆ ಹೆಸರಿನ ಫೈಲೋ ಫೋಲ್ಡರೋ ನಿಮ್ಮ ಸೈಟಿನಲ್ಲೇ ಇರಬಹುದು. ಮುಂದೆ ಎಚ್‌ಟಿಟಿಪಿಎಸ್ ಥರದ್ದು ಇಲ್ಲದ್ದೆಲ್ಲ ಮನೆಯೊಳಗಿನದು ಎಂಬುದೇ ಅದರ ಲೆಕ್ಕ.

ಒಂದೇ ಫೋಲ್ಡರಿನ ಹೆಸರು ಎರಡು ಸಲ ಬಂದಿದೆಯೇ? "ಲೇಖನ/ಲೇಖನ/ಎರಡು.ಎಚ್‌ಟಿಎಂಎಲ್" ಎಂಬಂತೆ? ನೀವು ಲೇಖನ ಫೋಲ್ಡರಿನ ಒಳಗಿನ ಪುಟದಲ್ಲೇ ನಿಂತು "ಲೇಖನ/ಎರಡು.ಎಚ್‌ಟಿಎಂಎಲ್" ಎಂದು ಬರೆದಿದ್ದೀರಿ. ಬ್ರೌಸರ್ ದಾರಿ ಎಣಿಸುವುದು ಈಗ ತೆರೆದಿರುವ ಪುಟ ಎಲ್ಲಿದೆಯೋ ಅಲ್ಲಿಂದ. ಒಳಗೆ ನಿಂತಿರುವಾಗ ಬರೀ ಫೈಲಿನ ಹೆಸರು ಸಾಕು.

ತಿರುಗುಮುರುಗು ತಪ್ಪೂ ಇದೆ. ಹೊರಗಿರುವ ಪರಿಚಯ ಪುಟವನ್ನು ಲೇಖನ ಫೋಲ್ಡರಿನ ಒಳಗೆ ಹುಡುಕುತ್ತಿದ್ದರೆ ಒಂದು ಮೆಟ್ಟಿಲು ಹೊರಗೆ ಬರಬೇಕು. ಎರಡು ಚುಕ್ಕಿ, ಒಂದು ಸ್ಲ್ಯಾಶ್: "../ಪರಿಚಯ.ಎಚ್‌ಟಿಎಂಎಲ್". ಎರಡು ಮೆಟ್ಟಿಲಾದರೆ ಅದನ್ನೇ ಎರಡು ಸಲ. ಮೂರಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಫೋಲ್ಡರುಗಳನ್ನೇ ಸರಳ ಮಾಡುವ ಕಾಲ ಬಂದಿದೆ ಎಂದು ನನ್ನ ಅಭಿಪ್ರಾಯ.

ಫೋಲ್ಡರಿನ ಹೆಸರುಗಳೆಲ್ಲ ಹಾರಿಹೋಗಿ ವಿಳಾಸ ನೇರ ಬುಡಕ್ಕೆ ಹೋಗಿದ್ದರೆ ನೀವು ಸ್ಲ್ಯಾಶಿನಿಂದಲೇ ಶುರು ಮಾಡಿದ್ದೀರಿ. ಮೊದಲಲ್ಲಿ ಬರುವ ಸ್ಲ್ಯಾಶ್‌ಗೆ "ಸೈಟಿನ ಬುಡದಿಂದ" ಎಂಬ ಅರ್ಥವಿದೆ. ಸರ್ವರಿನಲ್ಲಿ ಇದು ಒಳ್ಳೆಯ ಪದ್ಧತಿಯೇ. ನಿಮ್ಮ ಕಂಪ್ಯೂಟರಿನಲ್ಲಿ ಫೈಲನ್ನು ಹಾಗೇ ತೆರೆದಾಗ ಮಾತ್ರ "ಬುಡ" ಎಂದರೆ ಹಾರ್ಡ್ ಡಿಸ್ಕಿನ ಬುಡ! ನಿಮ್ಮ ಸೈಟ್ ಯಾವುದೋ ದೊಡ್ಡ ಸೈಟಿನ ಒಳಫೋಲ್ಡರಿನಲ್ಲಿ ಇದ್ದರೂ ಇದೇ ಗೋಳು.

ಇನ್ನು ನಿಜವಾಗಿ ದಾರಿ ತಪ್ಪಿಸುವ ಪ್ರಕರಣ. ವಿಳಾಸ ಸರಿಯಾಗಿಯೇ ಕಾಣುತ್ತದೆ, ಪುಟ ಮಾತ್ರ ಬರುವುದಿಲ್ಲ. ಅಡ್ರೆಸ್ ಬಾರಿನಿಂದ ವಿಳಾಸವನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಅದರಲ್ಲಿ %ಇ2%80%9ಸಿ ಎಂಬಂಥದ್ದು ಕಂಡರೆ ಕಳ್ಳ ಸಿಕ್ಕ ಹಾಗೆ. ಅದು ಬಾಗಿದ ಕೋಟ್ ಚಿಹ್ನೆ. ವರ್ಡ್‌ನಂಥ ತಂತ್ರಾಂಶದಲ್ಲೋ ಚಾಟ್ ಆ್ಯಪಿನಲ್ಲೋ ಬರೆದ ಕೋಡನ್ನು ತಂದು ಅಂಟಿಸಿದಾಗ ನೆಟ್ಟಗಿನ ಕೋಟ್ ಚಿಹ್ನೆಗಳು ಅಲಂಕಾರಕ್ಕೆ ಬಾಗಿರುತ್ತವೆ. ಬ್ರೌಸರಿಗೆ ಬಾಗಿದ ಕೋಟ್ ಒಂದು ಸಾಮಾನ್ಯ ಅಕ್ಷರವಷ್ಟೇ, ಅದನ್ನೂ ವಿಳಾಸಕ್ಕೆ ಸೇರಿಸಿಕೊಳ್ಳುತ್ತದೆ. ಎರಡೂ ಚಿಹ್ನೆಗಳನ್ನು ಅಳಿಸಿ ಕೋಡ್ ಎಡಿಟರಿನಲ್ಲೇ ಮತ್ತೆ ಟೈಪ್ ಮಾಡಿ. %20 ಕಂಡರೆ ಅದು ಖಾಲಿ ಜಾಗ. ಫೈಲಿನ ಹೆಸರಿನ ನಡುವೆಯೋ, ಎಚ್‌ರೆಫ್‌ನಲ್ಲೋ ಇರಬಾರದ ಕಡೆ ಖಾಲಿ ಜಾಗ ಬಿದ್ದಿದೆ. ಹೆಸರಿನಲ್ಲಿ ಖಾಲಿ ಬಿಡುವ ಬದಲು ಅಡ್ಡಗೆರೆ ಹಾಕುವ ಅಭ್ಯಾಸ ಒಳ್ಳೆಯದು.

ಲಕ್ಷಣ: ನನ್ನ ಕಂಪ್ಯೂಟರಿನಲ್ಲಿ ಸರಿಯಿತ್ತು, ಅಪ್‌ಲೋಡ್ ಮಾಡಿದ ಮೇಲೆ ಕೆಟ್ಟಿತು

ಆ ಫೈಲನ್ನು ಅಪ್‌ಲೋಡ್ ಮಾಡಿದ್ದೀರಾ? ಲಿಂಕ್ ಇರುವ ಪುಟವನ್ನು ಮಾತ್ರ ಕಳಿಸಿ, ಅದು ಹೋಗಬೇಕಾದ ಪುಟವನ್ನು ಮರೆಯುವುದೇ ಹೆಚ್ಚು.

ಬಾಣ ಇಟ್ಟಾಗ ಕಾಣುವ ವಿಳಾಸ ಫೈಲ್:/// ಎಂದು ಶುರುವಾಗಿ ಸಿ ಡ್ರೈವಿನ ಹೆಸರು ತೋರಿಸುತ್ತಿದೆಯೇ? ಎಡಿಟರ್ ನಿಮ್ಮ ಕಂಪ್ಯೂಟರಿನ ವಿಳಾಸವನ್ನೇ ಲಿಂಕಿಗೆ ಹಾಕಿದೆ. ನಿಮಗೆ ಫೈಲ್ ಇರುವುದರಿಂದ ತೆರೆಯುತ್ತಿತ್ತು, ಜಗತ್ತಿನಲ್ಲಿ ಬೇರೆ ಯಾರಿಗೂ ತೆರೆಯುವುದಿಲ್ಲ. ಅಷ್ಟೇ ಅಲ್ಲ, ವೆಬ್‌ಸೈಟಿನಿಂದ ಫೈಲ್:/// ಕಡೆಗೆ ಹೋಗುವುದನ್ನು ಬ್ರೌಸರುಗಳು ತಡೆಯುತ್ತವೆ. ಹಾಗಾಗಿ ಆನ್‌ಲೈನ್ ಪುಟದಲ್ಲಿ ಒತ್ತಿದರೆ ನಿಮಗೂ ಏನೂ ಆಗುವುದಿಲ್ಲ. ಇಂಥ ವಿಳಾಸದಲ್ಲಿ ನಿಮ್ಮ ಕಂಪ್ಯೂಟರಿನ ಬಳಕೆದಾರ ಹೆಸರೂ ಇರುತ್ತದೆ, ಊರಿಗೆಲ್ಲ ತೋರಿಸುವ ಅಗತ್ಯವಿಲ್ಲ. ಕೂಡಲೇ ತೆಗೆಯಿರಿ.

ಮೂರನೆಯದು ದೊಡ್ಡಕ್ಷರ, ಚಿಕ್ಕಕ್ಷರ. ಕನ್ನಡಕ್ಕೆ ಈ ತಾಪತ್ರಯ ಇಲ್ಲದ ಕಾರಣ ನಮಗೆ ಇದು ಬೇಗ ಹೊಳೆಯುವುದಿಲ್ಲ. ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡ ಎ ಮತ್ತು ಚಿಕ್ಕ ಎ ಒಂದೇ. ಲಿನಕ್ಸ್ ಸರ್ವರುಗಳಿಗೆ ಎರಡೂ ಬೇರೆ. ಸೈಟಿನ ಹೆಸರಿನ ಭಾಗದಲ್ಲಿ ಹೇಗೆ ಬರೆದರೂ ನಡೆಯುತ್ತದೆ, ಅದರ ನಂತರದ ದಾರಿಯಲ್ಲಿ ನಡೆಯುವುದಿಲ್ಲ. ಕ್ಯಾಮೆರಾದಿಂದ ಬಂದ ಚಿತ್ರದ ಕೊನೆಯಲ್ಲಿ ಜೆಪಿಜಿ ದೊಡ್ಡಕ್ಷರದಲ್ಲಿ ಇರುತ್ತದೆ, ನಾವು ಲಿಂಕಿನಲ್ಲಿ ಚಿಕ್ಕಕ್ಷರದಲ್ಲಿ ಬರೆದಿರುತ್ತೇವೆ. ಒಮ್ಮೆ ಇದರಿಂದ ನನ್ನ ಇಡೀ ಚಿತ್ರಪುಟ ಖಾಲಿ ಚೌಕಗಳಾಗಿ ಕೂತಿತ್ತು, ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಅದು ಮುತ್ತಿನಂತಿತ್ತು. ಎಲ್ಲ ಫೈಲುಗಳಿಗೂ ಚಿಕ್ಕಕ್ಷರದ ಹೆಸರಿಡಿ. ವಿಂಡೋಸಿನಲ್ಲಿ ಬರೀ ಅಕ್ಷರದ ಗಾತ್ರ ಬದಲಿಸಿದ್ದು ಕೆಲವು ತಂತ್ರಾಂಶಗಳ ಗಮನಕ್ಕೆ ಬರುವುದಿಲ್ಲ, ಆದ್ದರಿಂದ ಮೊದಲು ಬೇರೇನೋ ಹೆಸರಿಟ್ಟು ಆಮೇಲೆ ಬೇಕಾದ ಹೆಸರಿಡಿ. ಸರ್ವರಿನಲ್ಲಿ ಉಳಿದ ಹಳೆಯ ಹೆಸರಿನ ಫೈಲನ್ನು ಅಳಿಸಲು ಮರೆಯಬೇಡಿ.

ಈಗ ನಮ್ಮ ಭಾಷೆಯದೇ ಒಂದು ಕಥೆ. ಫೈಲಿಗೆ ಕನ್ನಡ ಹೆಸರು ಇಡಬಹುದೇ? ಇಡಬಹುದು, ಇಂದಿನ ಬ್ರೌಸರುಗಳಿಗೆ ಅರ್ಥವಾಗುತ್ತದೆ. ಆದರೆ ವಿಳಾಸ ತಂತಿಯ ಮೇಲೆ ಹೋಗುವಾಗ ಪ್ರತಿ ಕನ್ನಡ ಸಂಕೇತವೂ ಮೂರು ಬೈಟುಗಳಾಗಿ, ಶೇಕಡಾ ಚಿಹ್ನೆ ಸೇರಿ ಒಂಬತ್ತು ಅಕ್ಷರಗಳಾಗುತ್ತದೆ. "ಕನ್ನಡ" ಎಂಬ ಪುಟ್ಟ ಪದದಲ್ಲಿ ಐದು ಸಂಕೇತಗಳಿವೆ: ಕ, ನ, ಒತ್ತಿಗೆ ಬೇಕಾದ ವಿರಾಮ (್), ಮತ್ತೆ ನ, ಡ. ಅದನ್ನು ನಕಲು ಮಾಡಿ ಯಾರಿಗಾದರೂ ಕಳಿಸಿದರೆ 45 ಅಕ್ಷರಗಳ ಸರಪಳಿ ಹೋಗುತ್ತದೆ. ಪ್ರತಿ ಮೂರರ ಗುಂಪೂ %ಇ0%ಬಿ2 ಅಥವಾ %ಇ0%ಬಿ3 ಎಂದು ಶುರುವಾದರೆ ಹೆದರಬೇಡಿ, ಅದು ಕನ್ನಡವೇ, ದೋಷವಲ್ಲ.

ದೋಷ ಬರುವುದು ಕಾಣದ ಸಂಕೇತದಿಂದ. "ಫೈಲ್‌ಗಳು" ಎಂದು ಬರೆಯುವಾಗ ಲ್ ಮತ್ತು ಗ ಒಂದಕ್ಕೊಂದು ಅಂಟಿ ಒತ್ತಕ್ಷರ ಆಗದಂತೆ ನಡುವೆ ಅಗಲವೇ ಇಲ್ಲದ ಒಂದು ಸಂಕೇತ ಕೂರುತ್ತದೆ. ಬ್ರೌಸರ್, ಬಸ್‌ಸ್ಟಾಪ್ ಥರದ ಪದಗಳ ಕೊನೆಯಲ್ಲೂ ಕೆಲವು ಕೀಬೋರ್ಡುಗಳು ಅದನ್ನು ತಾವಾಗಿಯೇ ಹಾಕುತ್ತವೆ. ಫೈಲಿನ ಹೆಸರಿನಲ್ಲಿ ಅದಿದ್ದು ಲಿಂಕಿನಲ್ಲಿ ಇಲ್ಲದಿದ್ದರೆ ಎರಡೂ ಬೇರೆ ಹೆಸರುಗಳು, ಕಣ್ಣಿಗೆ ಮಾತ್ರ ಒಂದೇ. ವಿಳಾಸವನ್ನು ನೋಟ್‌ಪ್ಯಾಡಿಗೆ ಅಂಟಿಸಿದಾಗ %ಇ2%80%8ಸಿ ಕಂಡರೆ ಅದೇ. ಇನ್ನೊಂದು ಸೂಕ್ಷ್ಮ: ೀ, ೇ, ೋ ಥರದ ಗುಣಿತ ಚಿಹ್ನೆಗಳನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡುಗಳಾಗಿಯೂ ಬರೆಯಬಹುದು. ಎರಡು ಬಗೆಯವು ಬೆರೆತರೂ ಇದೇ ಫಜೀತಿ. ಕೈಯಾರೆ ಟೈಪ್ ಮಾಡದೆ ಫೈಲಿನ ಹೆಸರನ್ನೇ ನಕಲು ಮಾಡಿ ಲಿಂಕಿಗೆ ಅಂಟಿಸಿದರೆ ತಪ್ಪುತ್ತದೆ. ಪುಟದ ಬರಹ ಕನ್ನಡದಲ್ಲೇ ಇರಲಿ, ಫೈಲಿನ ಹೆಸರನ್ನು ಮಾತ್ರ ಇಂಗ್ಲಿಷಿನ ಚಿಕ್ಕಕ್ಷರದಲ್ಲಿ ಇಡಿ ಎಂದು ನಾನು ಹೊಸಬರಿಗೆ ಹೇಳುವುದು ಈ ಕಾರಣಕ್ಕೆ. ಭಾಷಾಭಿಮಾನಕ್ಕೆ ಇದರಿಂದ ಕುಂದೇನಿಲ್ಲ.

ಅಪರೂಪದ್ದೊಂದು ಹೇಳಿ ಮುಂದೆ ಹೋಗುತ್ತೇನೆ. ಎಚ್‌ಟಿಟಿಪಿಎಸ್: ಆದಮೇಲೆ ಎರಡರ ಬದಲು ಒಂದೇ ಸ್ಲ್ಯಾಶ್ ಹಾಕಿದರೆ ನಿಮ್ಮ ಕಂಪ್ಯೂಟರಿನಲ್ಲಿ ತೆರೆದ ಪುಟದಿಂದ ಲಿಂಕ್ ಸರಿಯಾಗಿಯೇ ಹೋಗುತ್ತದೆ. ಅದೇ ಪುಟ ಎಚ್‌ಟಿಟಿಪಿಎಸ್ ಸೈಟಿಗೆ ಏರಿದ ಮೇಲೆ ಬ್ರೌಸರ್ ಅದನ್ನು ನಿಮ್ಮ ಸೈಟಿನ ಒಳದಾರಿ ಎಂದು ತಿಳಿಯುತ್ತದೆ. ಆ ಎರಡು ಸ್ಲ್ಯಾಶ್ ಅಷ್ಟೇನೂ ಬೇಕಿರಲಿಲ್ಲ ಎಂದು ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಅವರೇ 2009ರಲ್ಲಿ ಒಪ್ಪಿಕೊಂಡರು. ಒಪ್ಪಿಕೊಂಡು ಏನು ಬಂತು, ನಾವು ಇನ್ನೂ ಬರೆಯಲೇಬೇಕು.

ಲಕ್ಷಣ: ಪುಟದೊಳಗಿನ ಜಾಗಕ್ಕೆ ಹಾರುತ್ತಿಲ್ಲ

ಒಂದೇ ಪುಟದ ಕೆಳಗಿನ ತಲೆಬರಹಕ್ಕೆ ಹೋಗುವ ಲಿಂಕುಗಳಲ್ಲಿ ಎರಡು ತುದಿ ಇರುತ್ತವೆ. ಲಿಂಕಿನ ಕಡೆ ಎಚ್‌ರೆಫ್="#ಸಂಪರ್ಕ", ತಲೆಬರಹದ ಕಡೆ ಐಡಿ="ಸಂಪರ್ಕ". ಹ್ಯಾಶ್ ಚಿಹ್ನೆ ಲಿಂಕಿನ ಕಡೆ ಮಾತ್ರ. ಐಡಿಯಲ್ಲೂ ಹ್ಯಾಶ್ ಹಾಕುವುದು ಹೊಸಬರ ಖಾಯಂ ತಪ್ಪು.

ಒತ್ತಿದಾಗ ಅಡ್ರೆಸ್ ಬಾರಿನ ಕೊನೆಗೆ ಹ್ಯಾಶ್ ಮತ್ತು ಹೆಸರು ಬಂದು, ಪುಟ ಮಾತ್ರ ಅಲ್ಲಾಡದಿದ್ದರೆ ಲಿಂಕ್ ಸರಿಯಿದೆ, ಆ ಹೆಸರಿನ ಐಡಿ ಸಿಕ್ಕಿಲ್ಲ. ಇಲ್ಲೂ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ, ಖಾಲಿ ಜಾಗ ಇರುವಂತಿಲ್ಲ. ತಪ್ಪಾದ ಕಡೆಗೆ ಹಾರಿದರೆ ಒಂದೇ ಐಡಿ ಎರಡು ಕಡೆ ಇದೆ, ಬ್ರೌಸರ್ ಮೊದಲನೆಯದನ್ನು ಹಿಡಿದಿದೆ. ನಕಲು ಮಾಡಿ ಅಂಟಿಸಿದ ಭಾಗಗಳಲ್ಲಿ ಹುಡುಕಿ. ಪುಟದ ಮೇಲ್ತುದಿಗೆ ಹಾರಿದರೆ ಬರೀ ಹ್ಯಾಶ್ ಬರೆದು ಹೆಸರು ಬಿಟ್ಟಿದ್ದೀರಿ. ಪುಟ ಪೂರ್ತಿ ಪರದೆಯಲ್ಲೇ ಹಿಡಿಸುವಷ್ಟು ಚಿಕ್ಕದಿದ್ದರೆ ಹಾರಲು ಜಾಗವೇ ಇಲ್ಲ, ಕೆಲಸ ಮಾಡುತ್ತಿದ್ದರೂ ಗೊತ್ತಾಗುವುದಿಲ್ಲ.

ಸರಿಯಾದ ಜಾಗಕ್ಕೆ ಹೋಗಿಯೂ ತಲೆಬರಹ ಕಾಣದಿದ್ದರೆ ಮೇಲೆ ಅಂಟಿಕೊಂಡಿರುವ ಮೆನು ಪಟ್ಟಿ ಅದನ್ನು ಮುಚ್ಚಿದೆ. ಸಿಎಸ್‌ಎಸ್‌ನಲ್ಲಿ (ಪುಟದ ಸ್ಟೈಲ್ ಬರೆಯುವ ಭಾಷೆ) ಸ್ಕ್ರಾಲ್-ಮಾರ್ಜಿನ್-ಟಾಪ್ ಎಂಬ ಗುಣ ಇದಕ್ಕೆಂದೇ ಇದೆ. ಆ ತಲೆಬರಹಗಳಿಗೆ ಮೆನುವಿನ ಎತ್ತರದಷ್ಟು ಬೆಲೆ ಕೊಡಿ.

ಲಕ್ಷಣ: ಈಮೇಲ್ ಲಿಂಕ್ ಒತ್ತಿದರೆ ಏನೂ ಆಗುವುದಿಲ್ಲ

ಈಮೇಲ್ ಲಿಂಕಿನ ಎಚ್‌ರೆಫ್‌ನಲ್ಲಿ ಮೇಲ್‌ಟು: ಆದಮೇಲೆ ನೇರ ಈಮೇಲ್ ವಿಳಾಸ ಬರಬೇಕು, ಸ್ಲ್ಯಾಶ್ ಬೇಡ. ಅದು ಸರಿಯಿದ್ದೂ ಏನೂ ತೆರೆಯದಿದ್ದರೆ ಆ ಕಂಪ್ಯೂಟರಿನಲ್ಲಿ ಈಮೇಲ್ ತಂತ್ರಾಂಶ ಯಾವುದೆಂದು ಗೊತ್ತುಮಾಡಿಲ್ಲ. ಅದು ನಿಮ್ಮ ಪುಟದ ತಪ್ಪಲ್ಲ, ಫೋನಿನಲ್ಲಿ ಒತ್ತಿ ನೋಡಿ. ಓದುಗರಿಗೂ ಹೀಗೇ ಆಗುತ್ತದಾದ್ದರಿಂದ ಈಮೇಲ್ ವಿಳಾಸವನ್ನು ಕಾಣುವಂತೆ ಬರೆದಿಡಿ. ಹಾಗೆ ಬರೆದ ವಿಳಾಸವನ್ನು ಸ್ಪ್ಯಾಮ್ ಕಳಿಸುವವರ ತಂತ್ರಾಂಶಗಳೂ ಹೆಕ್ಕಿಕೊಳ್ಳುತ್ತವೆ. ಮನೆಮಂದಿಗೆ ಬಳಸುವ ಸ್ವಂತ ವಿಳಾಸ ಕೊಡದಿರುವುದು ಕ್ಷೇಮ.

ಲಕ್ಷಣ: ಲಿಂಕಿನ ಹಾಗೆ ಕಾಣುತ್ತದೆ, ಒತ್ತಿದರೆ ಮಿಸುಕುವುದಿಲ್ಲ

ಇಲ್ಲಿಂದ ಕೆಲಸ ಸ್ವಲ್ಪ ಕಠಿಣ. ಆದರೆ ಮೊದಲ ಪರೀಕ್ಷೆಗೆ ಕಾಸೂ ಬೇಡ, ಕೋಡೂ ಬೇಡ. ಮೌಸ್ ಬಿಟ್ಟು ಕೀಬೋರ್ಡಿನ ಟ್ಯಾಬ್ ಕೀಯನ್ನು ಒತ್ತುತ್ತ ಹೋಗಿ. ಪುಟದ ಲಿಂಕುಗಳ ಸುತ್ತ ಒಂದೊಂದಾಗಿ ಚೌಕಟ್ಟು ಮೂಡುತ್ತದೆ. ಕೆಟ್ಟ ಲಿಂಕಿಗೆ ಬಂದಾಗ ಎಂಟರ್ ಒತ್ತಿ.

ಎಂಟರ್‌ಗೆ ತೆರೆದು, ಮೌಸ್‌ಗೆ ತೆರೆಯದಿದ್ದರೆ ಲಿಂಕಿನ ಮೇಲೆ ಕಾಣದ ಗಾಜಿನಂತೆ ಇನ್ನೇನೋ ಕೂತಿದೆ. ಪಾರದರ್ಶಕ ಪೆಟ್ಟಿಗೆ, ಮುಚ್ಚಿದ ಮೇಲೂ ಜಾಗ ಬಿಡದ ಮೆನು, ಇಂಥದ್ದು. ಆ ಜಾಗದ ಮೇಲೆ ಬಲ ಗುಂಡಿ ಒತ್ತಿ ಇನ್‌ಸ್ಪೆಕ್ಟ್ ಆರಿಸಿ. ಬ್ರೌಸರ್ ಎ ಟ್ಯಾಗಿನ ಬದಲು ಬೇರೆ ಟ್ಯಾಗ್ ತೋರಿಸಿದರೆ ಅಡ್ಡಗಾಲು ಹಾಕಿರುವುದು ಅದೇ. ಅಡ್ಡ ಏನೂ ಸಿಗದಿದ್ದರೆ ಎ ಟ್ಯಾಗಿನ ಸ್ಟೈಲ್‌ಗಳಲ್ಲಿ ಪಾಯಿಂಟರ್-ಇವೆಂಟ್ಸ್ ಎಂಬುದಕ್ಕೆ ನನ್ (ಏನೂ ಬೇಡ) ಎಂದು ಇದೆಯೋ ನೋಡಿ. ಹಾಗಿದ್ದರೆ ಆ ಲಿಂಕ್ ಮೌಸನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಎಂಟರ್‌ಗೂ ತೆರೆಯದಿದ್ದರೆ ಬಲ ಗುಂಡಿ ಒತ್ತಿ "ಹೊಸ ಟ್ಯಾಬಿನಲ್ಲಿ ತೆರೆ" ಎಂಬುದನ್ನು ಆರಿಸಿ. ಹಾಗೆ ತೆರೆದುಕೊಂಡರೆ ವಿಳಾಸ ಸರಿಯಿದೆ, ಯಾವುದೋ ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಂ) ಕ್ಲಿಕ್ಕನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸುತ್ತಿದೆ. ಬೇರೆಯವರ ಟೆಂಪ್ಲೇಟ್ ಬಳಸುತ್ತಿದ್ದರೆ ಮತ್ತು ನಿಮಗೆ ಸ್ಕ್ರಿಪ್ಟ್ ಬರದಿದ್ದರೆ ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕೇಳಿ. ಸಾಲುಗಳನ್ನು ಒಂದೊಂದೇ ಅಳಿಸಿ ನೋಡುವ ಧೈರ್ಯ ಬೇಡ.

ಲಿಂಕಿನೊಳಗೆ ಲಿಂಕ್ ಇಟ್ಟಿದ್ದರೂ ವಿಚಿತ್ರ ವರ್ತನೆ ಕಾಣುತ್ತದೆ. ಎಚ್‌ಟಿಎಂಎಲ್ ಅದಕ್ಕೆ ಒಪ್ಪುವುದಿಲ್ಲ, ಒಳಗಿನದು ಶುರುವಾಗುತ್ತಿದ್ದಂತೆ ಹೊರಗಿನದನ್ನು ಬ್ರೌಸರ್ ಮುಗಿಸಿಬಿಡುತ್ತದೆ. ಕೋಡಿನ ತಲೆಭಾಗದಲ್ಲಿ (ಹೆಡ್ ಟ್ಯಾಗಿನೊಳಗೆ) ಬೇಸ್ ಎಂಬ ಟ್ಯಾಗ್ ಇದೆಯೋ ಎಂದೂ ನೋಡಿ. ಅದಿದ್ದರೆ ಪುಟದ ಎಲ್ಲ ಒಳದಾರಿಗಳೂ ಅಲ್ಲಿಂದಲೇ ಎಣಿಕೆಯಾಗುತ್ತವೆ, ಅದರಲ್ಲಿನ ವಿಳಾಸ ತಪ್ಪಿದ್ದರೆ ಒಂದೇ ಏಟಿಗೆ ಅವೆಲ್ಲ ಕೆಡುತ್ತವೆ. ಕಣ್ಣಿಗೆ ಬೀಳದ ತಪ್ಪುಗಳಿಗೆ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಉಚಿತ ವ್ಯಾಲಿಡೇಟರ್‌ಗೆ (ಕೋಡಿನ ತಪ್ಪು ಹುಡುಕುವ ಸಾಧನ) ಪುಟವನ್ನು ಕೊಡಿ. ಅದು ಉದ್ದದ ಪಟ್ಟಿ ಕೊಟ್ಟರೆ ಗಾಬರಿಯಾಗಬೇಡಿ. ಮೊದಲ ತಪ್ಪನ್ನು ಮಾತ್ರ ಸರಿಪಡಿಸಿ ಮತ್ತೆ ಓಡಿಸಿ. ಬಿಟ್ಟುಹೋದ ಒಂದು ಕೋಟ್ ಚಿಹ್ನೆಯೇ ಹತ್ತಾರು ದೂರುಗಳಾಗಿ ಕಾಣಿಸುವುದುಂಟು.

ಲಕ್ಷಣ: ಎರಡನೇ ಲಿಂಕ್ ಮೊದಲನೆಯ ಟ್ಯಾಬನ್ನೇ ನುಂಗುತ್ತದೆ

ಲಿಂಕ್ ಹೊಸ ಟ್ಯಾಬಿನಲ್ಲಿ ತೆರೆಯಲೆಂದು ಟಾರ್ಗೆಟ್ ಎಂಬ ಗುಣ ಬರೆಯುವಾಗ ಬ್ಲ್ಯಾಂಕ್ ಪದಕ್ಕಿಂತ ಮೊದಲು ಕೆಳಗೆರೆ ಇರಬೇಕು: ಟಾರ್ಗೆಟ್="_ಬ್ಲ್ಯಾಂಕ್". ಅದನ್ನು ಬಿಟ್ಟರೆ ಬ್ರೌಸರ್ ಆ ಟ್ಯಾಬಿಗೆ "ಬ್ಲ್ಯಾಂಕ್" ಎಂದು ನಾಮಕರಣ ಮಾಡಿ, ಮುಂದಿನ ಲಿಂಕನ್ನೂ ಅದೇ ಟ್ಯಾಬಿನಲ್ಲಿ ತೆರೆಯುತ್ತದೆ. ಮೊದಲ ಸಲ ಸರಿಯಾಗಿಯೇ ನಡೆಯುವುದರಿಂದ ಈ ತಪ್ಪು ಬಹಳ ದಿನ ಬದುಕುತ್ತದೆ.

ಬಣ್ಣ ನೀಲಿಯಿಂದ ನೇರಳೆಯಾಯಿತು ಎಂದು ಕೇಳುವವರಿದ್ದಾರೆ. ಅದು ದೋಷವಲ್ಲ, ಆ ಪುಟಕ್ಕೆ ನೀವು ಮೊದಲೇ ಹೋಗಿ ಬಂದಿದ್ದೀರಿ ಎಂಬ ಗುರುತು. ಬೇರೆಯವರಿಗೆ ಇನ್ನೂ ನೀಲಿಯಾಗಿಯೇ ಕಾಣುತ್ತಿರುತ್ತದೆ.

ಎಲ್ಲಿ ನಿಲ್ಲಿಸಬೇಕು

ಲಿಂಕ್ ಪರೀಕ್ಷಿಸುವಾಗ ಸರ್ಟಿಫಿಕೇಟ್ ಸರಿಯಿಲ್ಲ, ಈ ಸೈಟ್ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬಂದರೆ ದಾಟಿ ಹೋಗಬೇಡಿ. ಆ ಲಿಂಕನ್ನು ನಿಮ್ಮ ಪುಟದಿಂದ ಸದ್ಯಕ್ಕೆ ತೆಗೆದಿಡಿ. ನೀವು ದಾಟಿದರೆ ನಿಮ್ಮ ಓದುಗರೂ ದಾಟುತ್ತಾರೆ. ದೋಷ ಹುಡುಕಿಕೊಡುತ್ತೇವೆಂದು ಸರ್ವರಿನ ಪಾಸ್‌ವರ್ಡ್ ಕೇಳುವ ಸೈಟುಗಳಿಗೆ ಕೊಡಬೇಡಿ, ಲಿಂಕ್ ಪರೀಕ್ಷಿಸಲು ಪುಟದ ವಿಳಾಸವಷ್ಟೇ ಸಾಕು. ಅಪರಿಚಿತರು ಕಳಿಸಿದ ಕೋಡನ್ನು ಬ್ರೌಸರಿನ ಕನ್ಸೋಲಿನಲ್ಲಿ (ಕೋಡ್ ಬರೆದು ನೇರ ಓಡಿಸುವ ಜಾಗ) ಅಂಟಿಸಬೇಡಿ. ನೀವು ಲಾಗಿನ್ ಆಗಿರುವ ಖಾತೆಯಲ್ಲಿ ನಿಮ್ಮ ಹೆಸರಿನಲ್ಲೇ ಅದು ಕೆಲಸ ಮಾಡಬಲ್ಲದು. ಬೇರೆಯವರು ಕೊಟ್ಟ ಲಿಂಕನ್ನು ಪುಟಕ್ಕೆ ಹಾಕುವ ಮುಂಚೆ ಕಾಣುವ ಮಾತನ್ನು ನಂಬದೆ ಬಾಣ ಇಟ್ಟು ನಿಜವಾದ ವಿಳಾಸ ಓದಿ. ನೋಡಲು ಒಂದೇ ರೀತಿಯ ಅಕ್ಷರಗಳನ್ನು ಬೇರೆ ಲಿಪಿಯಿಂದ ತಂದು ಹೆಸರಾಂತ ಸೈಟಿನ ಸೋಗು ಹಾಕುವವರಿದ್ದಾರೆ.

ಹಳೆಯ ಹೊರಲಿಂಕುಗಳ ಮೇಲೂ ಕಣ್ಣಿರಲಿ. ಸೈಟಿನ ಹೆಸರಿನ ಅವಧಿ ಮುಗಿದರೆ ಬೇರೆ ಯಾರಾದರೂ ಅದನ್ನು ಕೊಳ್ಳಬಹುದು. 404 ಬಾರದೆ ಪುಟ ತೆರೆಯುತ್ತದೆ, ಆದರೆ ಅಲ್ಲಿರುವುದು ಜೂಜಿನ ಜಾಹೀರಾತು.

ನೀವು ಬರೆಯದ ಲಿಂಕುಗಳು ನಿಮ್ಮ ಪುಟದಲ್ಲಿ ಕಾಣಿಸಿಕೊಂಡರೆ, ಅಥವಾ ಸರಿಯಾದ ಲಿಂಕ್ ಒತ್ತಿದವರು ಬೇರೆಲ್ಲೋ ಹೋಗಿ ಬಿದ್ದರೆ, ಅದು ಲಿಂಕ್ ದೋಷವಲ್ಲ. ಸೈಟಿಗೆ ಯಾರೋ ನುಗ್ಗಿದ್ದಾರೆ. ತಿದ್ದುತ್ತ ಕೂರದೆ ಬೇರೊಂದು ಕಂಪ್ಯೂಟರಿನಿಂದ ಪಾಸ್‌ವರ್ಡ್ ಬದಲಿಸಿ, ನಿಮ್ಮ ಸೈಟಿಗೆ ಸರ್ವರ್ ಒದಗಿಸುವ ಹೋಸ್ಟಿಂಗ್ ಕಂಪನಿಗೆ ತಿಳಿಸಿ. ಮುಖಪುಟ ಸೇರಿ ಎಲ್ಲವೂ 404 ಅಥವಾ 500 ಎನ್ನುತ್ತಿದ್ದರೂ ಅವರಿಗೇ ಹೇಳಬೇಕು.

ಯಾರನ್ನೇ ಕೇಳುವಾಗಲೂ "ಲಿಂಕ್ ವರ್ಕ್ ಆಗ್ತಿಲ್ಲ" ಎಂದು ಬರೆದರೆ ನಾಲ್ಕು ಮರುಪ್ರಶ್ನೆ ಬರುತ್ತವೆ. ಲಿಂಕ್ ಯಾವ ಪುಟದಲ್ಲಿದೆ, ಎಲ್ಲಿಗೆ ಹೋಗಬೇಕಿತ್ತು, ಒತ್ತಿದ ಮೇಲೆ ಅಡ್ರೆಸ್ ಬಾರಿನಲ್ಲಿ ಏನು ಬಂತು, ಕೋಡಿನ ಆ ಒಂದು ಸಾಲು. ಈ ನಾಲ್ಕನ್ನೂ ಮೊದಲೇ ಬರೆದು ಕಳಿಸಿ. ವಿಳಾಸ ಮತ್ತು ಕೋಡನ್ನು ಸ್ಕ್ರೀನ್‌ಶಾಟಿನಲ್ಲಿ ಕಳಿಸಬೇಡಿ, ಅಕ್ಷರವಾಗಿಯೇ ಅಂಟಿಸಿ. ಬಾಗಿದ ಕೋಟ್ ಚಿಹ್ನೆ, ಕಾಣದ ಸಂಕೇತ ಇವೆಲ್ಲ ಚಿತ್ರದಲ್ಲಿ ಸಿಗುವುದಿಲ್ಲ.